ಕಾವ್ಯದಿಂದ ಮಗಳಿಗೊಂದು ಹೆಸರು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಹೆಣ್ಣುಮಗುವಿಗೆ ಒಂದು ಹೆಸರು ಹೇಳಿ. ಸಾಹಿತ್ಯದ್ದಾಗಿರಬೇಕು, ಅಪರೂಪದ್ದಾಗಿರಬೇಕು." ಹಳಗನ್ನಡ ಓದುವವರು ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಿಗೆ ಬೇಕಾಗಿರುವುದು ಹತ್ತು ಹೆಸರಿನ ಪಟ್ಟಿ. ಆದರೆ ಪಟ್ಟಿಯಲ್ಲಿ ಹೆಸರಿನ ಪಕ್ಕ ಅರ್ಥ ಇರುತ್ತದೆ, ಕಥೆ ಇರುವುದಿಲ್ಲ. ಸಾಹಿತ್ಯದ ಹೆಸರು ಕೈಕೊಡುವುದು ಅಲ್ಲೇ.

ಜನ್ನನ 'ಯಶೋಧರ ಚರಿತೆ'ಯನ್ನೇ (1209) ನೋಡಿ. ಅಮೃತಮತಿ ಎಂಬ ಹೆಸರು ಅದರ ನಾಯಕಿಯದು. ಕಿವಿಗೆ ಇಂಪು, ಅರ್ಥವೂ ಚೆನ್ನ. ಆದರೆ ಈ ರಾಣಿ ಮಾವುತ ಅಷ್ಟಾವಂಕನ ಹಾಡಿಗೆ ಸೋತು, ಕಡೆಗೆ ಗಂಡನಿಗೂ ಅತ್ತೆಗೂ ವಿಷ ಇಕ್ಕುತ್ತಾಳೆ. ಕಾವ್ಯ ಓದಿದ ಯಾರೇ ಆಗಲಿ, ಹೆಸರು ಕೇಳಿದೊಡನೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಅತ್ತೆಯ ಹೆಸರು ಚಂದ್ರಮತಿ. ಮಗನಿಂದ ಹಿಟ್ಟಿನ ಕೋಳಿಯನ್ನು ಬಲಿ ಕೊಡಿಸಿದವಳು. ಆ ಸಂಕಲ್ಪಹಿಂಸೆಗಾಗಿ, ಅಂದರೆ ಮನಸ್ಸಿನಲ್ಲೇ ಮಾಡಿದ ಹಿಂಸೆಗಾಗಿ, ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಅದೇ ಚಂದ್ರಮತಿ ರಾಘವಾಂಕನಲ್ಲಿ ಹರಿಶ್ಚಂದ್ರನ ಹೆಂಡತಿ, ಸತ್ಯಕ್ಕಾಗಿ ಎಲ್ಲವನ್ನೂ ಕಳೆದುಕೊಂಡವಳು. ಹೆಸರೊಂದೇ, ಕಾವ್ಯ ಬೇರೆ. ಹೀಗಾಗಿ 'ಚಂದ್ರಮತಿ' ಇಡುವವರು ಯಾವ ಚಂದ್ರಮತಿ ಎಂದು ಹೇಳಲು ಸಿದ್ಧರಿರಬೇಕು.

ಜನ್ನನಲ್ಲೇ ಮೂರನೆಯ ಹೆಸರೊಂದಿದೆ, ಯಾರೂ ಗಮನಿಸುವುದಿಲ್ಲ: ಅಭಯಮತಿ. ಜನ್ಮಗಳೆಲ್ಲ ಮುಗಿದ ಮೇಲೆ ಚಂದ್ರಮತಿ ಈ ಹೆಸರಿನ ಹುಡುಗಿಯಾಗಿ ಹುಟ್ಟುತ್ತಾಳೆ, ಅಣ್ಣ ಅಭಯರುಚಿ. ಮಾರಿಗುಡಿಗೆ ಬಲಿಯಾಗಿ ಎಳೆದು ತಂದರೂ ಇಬ್ಬರೂ ಅಂಜುವುದಿಲ್ಲ. ಅಣ್ಣ ಹೇಳುವ ಕಥೆ ಕೇಳಿ ರಾಜ ಮಾರಿದತ್ತ ಹಿಂಸೆಯನ್ನೇ ಬಿಡುತ್ತಾನೆ. ಹೆಸರಿನ ಅರ್ಥವೂ ಕಥೆಯೂ ಹೀಗೆ ಕೂಡಿಬರುವುದು ಕಡಿಮೆ. ಒಂದೇ ಹೆಸರು ಹೇಳಿ ಎಂದು ಯಾರಾದರೂ ಪಟ್ಟು ಹಿಡಿದರೆ ನಾನು ಹೇಳುವುದು ಇದನ್ನೇ.

ಅದಕ್ಕೇ ನನ್ನ ಮೊದಲ ಮಾತು: ನಾಯಕಿಯನ್ನು ಬಿಟ್ಟು ಪಕ್ಕದಲ್ಲಿ ನಿಂತವಳನ್ನು ನೋಡಿ. ನಾಯಕಿಯರ ಹೆಸರು ಹೇಗೂ ಹಳತಾಗಿರುತ್ತದೆ, ಅವರ ಪಾಡೂ ದೊಡ್ಡದು. ಶಾಕುಂತಲದಲ್ಲಿ ದುರ್ವಾಸನ ಹಿಂದೆ ಓಡಿ, ಗುರುತಿನ ಒಡವೆ ಕಂಡರೆ ಶಾಪ ಕಳೆಯುತ್ತದೆ ಎಂಬಷ್ಟನ್ನಾದರೂ ಅವನ ಬಾಯಿಂದ ಹೊರಡಿಸಿದವಳು ಪ್ರಿಯಂವದೆ. ಪಂಪನ 'ಆದಿಪುರಾಣ'ದಲ್ಲಿ (941) ವೃಷಭನಾಥ ಅಕ್ಷರ ಕಲಿಸಿದ್ದು ಮಗಳು ಬ್ರಾಹ್ಮಿಗೆ, ಅಂಕಿ ಕಲಿಸಿದ್ದು ಇನ್ನೊಬ್ಬ ಮಗಳು ಸೌಂದರಿಗೆ. ಮುದ್ದಣನ 'ಶ್ರೀರಾಮಾಶ್ವಮೇಧ'ದ ಮನೋರಮೆ ಬರೀ ಕೇಳುಗಳಲ್ಲ. ಕಥೆ ಯಾವುದರಲ್ಲಿ ಹೇಳಲಿ ಎಂದರೆ "ಪದ್ಯಂ ವಧ್ಯಂ, ಗದ್ಯಂ ಹೃದ್ಯಂ" ಎಂದು ಗಂಡನ ಕಾವ್ಯದ ರೂಪವನ್ನೇ ತೀರ್ಮಾನಿಸಿದವಳು. ಇಂಥ ಮಗಳು ಯಾರಿಗೆ ಬೇಡ!

ಇನ್ನು ಪದದ ತೊಂದರೆ. ಕಾವ್ಯದಲ್ಲಿ ಹೆಸರಾಗಿದ್ದದ್ದು ಇವತ್ತಿನ ಕನ್ನಡದಲ್ಲಿ ದಿನಬಳಕೆಯ ಪದವಾಗಿರಬಹುದು. ಬಾಣನ ಕಾದಂಬರಿ ಕಥಾನಾಯಕಿ. ನಮಗೆ ಕಾದಂಬರಿ ಎಂದರೆ ಪುಸ್ತಕ. "ಕಾದಂಬರಿ ಎಲ್ಲಿ?" "ಕಪಾಟಿನಲ್ಲಿದೆ" ಎಂಬ ನಗೆ ಮಗುವಿನ ಬೆನ್ನು ಬಿಡುವುದಿಲ್ಲ. (ಸಂಸ್ಕೃತದಲ್ಲಿ ಆ ಪದಕ್ಕೆ ಕದಂಬದ ಹೂವಿನಿಂದ ಇಳಿಸಿದ ಮದ್ಯ ಎಂಬ ಅರ್ಥವೂ ಇದೆ, ಅದಿರಲಿ.) ಅದೇ ಕೃತಿಯ ಪತ್ರಲೇಖೆ ಚೆಂದದ ಹೆಸರು, ಆದರೆ ಪ್ರಶ್ನೆಪತ್ರಿಕೆಯಲ್ಲಿ 'ಪತ್ರಲೇಖನ' ಬರುವ ದಿನ ಇಡೀ ಕ್ಲಾಸು ಅವಳ ಕಡೆ ತಿರುಗುತ್ತದೆ. ಬ್ರಾಹ್ಮಿಗೂ ಇದು ತಪ್ಪಿದ್ದಲ್ಲ, ತಲೆಗೆ ಹಚ್ಚುವ ಎಣ್ಣೆಯಿದೆ. ಅದರ ಜೊತೆಗೆ 'ಹ್ಮ' ನಾಲಿಗೆಯಲ್ಲಿ ತಿರುಗಿ 'ಬ್ರಾಮ್ಹಿ' ಆಗುತ್ತದೆ. ಇಷ್ಟಾದರೂ ಬ್ರಾಹ್ಮಿಯನ್ನು ನಾನು ಬೇಡ ಎನ್ನುವುದಿಲ್ಲ. ಎಣ್ಣೆಯ ನಗೆ ನಾಲ್ಕು ದಿನದ್ದು, ಲಿಪಿಯ ಹೆಮ್ಮೆ ಉಳಿಯುತ್ತದೆ. ಕಾದಂಬರಿಯ ಮಾತು ಹಾಗಲ್ಲ, ಆ ಪದ ಪ್ರತಿದಿನ ಬಾಯಿಗೆ ಬರುವಂಥದ್ದು.

ಪಾತ್ರ ಬೇಡ, ಕಥೆಯ ಭಾರವೇ ಬೇಡ ಎನ್ನುವವರಿಗೆ ಛಂದಸ್ಸು ಇದೆ. ಶಾಲಿನಿ, ಮಾಲಿನಿ ಎಂದು ಹೆಸರಿಟ್ಟವರಲ್ಲಿ ಎಷ್ಟೋ ಜನಕ್ಕೆ ಅವು ವೃತ್ತಗಳ ಹೆಸರೂ ಹೌದು ಎಂಬುದು ಗೊತ್ತಿರುವುದಿಲ್ಲ: ಪಾದಕ್ಕೆ 11 ಅಕ್ಷರ ಶಾಲಿನಿ, 15 ಮಾಲಿನಿ. ಅಪರೂಪದ್ದು ಬೇಕಾದರೆ ಅದೇ ಸಾಲಿನಲ್ಲಿ ಶಿಖರಿಣಿ ಇದೆ. ಪಾದಕ್ಕೆ 17 ಅಕ್ಷರ, ಆರನೆಯದರ ಮೇಲೆ ಯತಿ, ಎಂದರೆ ಓದುವಾಗಿನ ನಿಲುಗಡೆ. ಹೆಸರಿನಲ್ಲೇ ನಾಲ್ಕೂ ಲಘು, ಕರೆಯಲು ಹಗುರ. ಸ್ರಗ್ಧರೆ ಪಂಡಿತರಿಗೆ ಇಷ್ಟ, ಮಗುವಿಗೆ ಕಷ್ಟ; ಎರಡು ಒತ್ತಕ್ಷರದ ನಡುವೆ ಅಜ್ಜಿಯ ನಾಲಿಗೆಯೂ ಸಿಕ್ಕಿಕೊಳ್ಳುತ್ತದೆ. ಕುಮಾರವ್ಯಾಸನ ಷಟ್ಪದಿಯನ್ನು ನೆನೆದು ಭಾಮಿನಿ ಎಂದಿಡುವವರು ಅಮರಕೋಶವನ್ನೊಮ್ಮೆ ತೆರೆಯಲಿ, ಅಲ್ಲಿ ಕೋಪದ ಹೆಣ್ಣೇ ಭಾಮಿನಿ. ಮನೆಯಲ್ಲಿ ಒಪ್ಪಿದರೆ ನನ್ನ ಅಡ್ಡಿಯಿಲ್ಲ. ಅಲಂಕಾರಗಳಲ್ಲಿ ಉಪಮಾ ಸಲೀಸು. ಉತ್ಪ್ರೇಕ್ಷಾ ಬೇಡವೇ ಬೇಡ: ಲಾಕ್ಷಣಿಕರಿಗೆ ಅದು ಅಲಂಕಾರ, ಉಳಿದವರಿಗೆ ಇದ್ದದ್ದನ್ನು ದೊಡ್ಡದು ಮಾಡಿ ಹೇಳುವುದು.

ಹೆಸರು ಹೆಚ್ಚು ಸೋಲುವುದು ರೋಮನ್ ಲಿಪಿಯಲ್ಲಿ. 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಅನಲೆ ಎಂಬವಳಿದ್ದಾಳೆ, ವಿಭೀಷಣನ ಮಗಳು, ಲಂಕೆಯಲ್ಲಿ ಸೀತೆಯ ಪರ ನಿಂತವಳು. ಬೆಂಕಿ ಎಂಬ ಅರ್ಥ, ಮೂರೇ ಅಕ್ಷರ, ಯಾರಿಗೂ ಇಲ್ಲದ ಹೆಸರು. ಈಗ ಅದನ್ನು ಇಂಗ್ಲಿಷಿನಲ್ಲಿ ಬರೆದು ಮೊದಲ ನಾಲ್ಕು ಅಕ್ಷರ ಓದಿ. ಆ ಪದವನ್ನು ಹಾಜರಿ ಪುಸ್ತಕದಲ್ಲಿ ಯಾವ ಹುಡುಗಿಯೂ ಹೊರಬೇಕಾಗಿಲ್ಲ. ಕೊನೆಗೆ ದೀರ್ಘ ಹಾಕಿ ಅನಲಾ ಮಾಡಿದರೂ ಅದು ಹೋಗುವುದಿಲ್ಲ. ಇಷ್ಟು ಒಳ್ಳೆಯ ಹೆಸರನ್ನು ಕೈಬಿಡಬೇಕಲ್ಲ ಎಂಬ ಬೇಸರ ನನಗಿನ್ನೂ ಇದೆ.

ಹಾಗಾಗಿ ಹೆಸರು ಗೊತ್ತುಮಾಡುವ ಮೊದಲು ಅದನ್ನು ರೋಮನ್ನಿನಲ್ಲಿ ಬರೆದು, ಕನ್ನಡ ಬಾರದ ಒಬ್ಬರಿಂದ ಓದಿಸಿ. ಮೂರು ಕಡೆ ಎಡವುತ್ತಾರೆ. ಒಂದು, ಹ್ರಸ್ವ ದೀರ್ಘ: ಹರಿಣಿ ಎಂದರೆ ಹೆಣ್ಣುಜಿಂಕೆ, ಹಾರಿಣಿ ಎಂದರೆ ಅಪಹರಿಸುವವಳು, ರೋಮನ್ನಿನಲ್ಲಿ ಎರಡೂ ಒಂದೇ. ಇನ್ನೊಂದು ಋಕಾರ. ನಾವು ಅಮೃತಾದಲ್ಲಿ 'ರು' ಅನ್ನುತ್ತೇವೆ, ಹಿಂದಿಯವರು 'ರಿ' ಅನ್ನುತ್ತಾರೆ. ಯಾವುದು ಸರಿ ಎಂಬ ಜಗಳ ಬೇಡ, ಒಂದನ್ನು ಆರಿಸಿ ಎಲ್ಲ ದಾಖಲೆಯಲ್ಲೂ ಅದನ್ನೇ ಬರೆಸಿ. ಕೊನೆಯದು ಎಕಾರ. ಮನೋರಮೆ ಇಂಗ್ಲಿಷ್ ಕಣ್ಣಿಗೆ 'ಮನೋರಮ್' ಆಗಿಬಿಡಬಹುದು. ಇದಕ್ಕೆ ಹೆದರಿ ಹೆಚ್ಚಿನವರು ಮನೋರಮಾ ಮಾಡುತ್ತಾರೆ; ಆಗ ಕನ್ನಡದ ವಿಭಕ್ತಿ ತೊಡಕು. 'ಮನೋರಮೆಗೆ ಕೊಡು' ಸಲೀಸಾಗಿ ಬರುತ್ತದೆ, 'ಮನೋರಮಾಳಿಗೆ ಕೊಡು' ಎನ್ನುವಾಗ ನಾಲಿಗೆ ಒಂದು ಮೆಟ್ಟಿಲು ಹೆಚ್ಚು ಹತ್ತಬೇಕು. ಮನೆಮಾತು ಕನ್ನಡವಾದರೆ ನನ್ನ ಮತ ಎಕಾರಕ್ಕೆ. ಇಕಾರಾಂತ ಹೆಸರುಗಳಿಗೆ (ಅಭಯಮತಿ, ಶಿಖರಿಣಿ) ಈ ಗೋಜಲೇ ಇಲ್ಲ.

ಅರ್ಥ ನೋಡಲು ಮಕ್ಕಳ ಹೆಸರಿನ ಜಾಲತಾಣಗಳನ್ನು ನಂಬಬೇಡಿ. ಅಲ್ಲಿ ಯಾವ ಹೆಸರಿಗೂ 'ದೇವಿ', 'ಸುಂದರಿ', 'ಬೆಳಕು' ಈ ಮೂರರಲ್ಲೊಂದು ಅರ್ಥ ಅಂಟಿಸಿರುತ್ತಾರೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದೆ, 1894ರ ಕಿಟೆಲ್ ಕೋಶವಿದೆ. ಎರಡರಲ್ಲೂ ಇಲ್ಲದ ಪದವಾದರೆ ಅದು ಯಾರೋ ಮೊನ್ನೆ ಕಟ್ಟಿದ್ದಿರಬಹುದು ಎಂದು ಅನುಮಾನಿಸಿ.

ಆತುರವಂತೂ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ತಡವಾದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಆದೀತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮೂಲವಾದ್ದರಿಂದ ಅಲ್ಲಿ ಬಿದ್ದ ತಪ್ಪು ಎಲ್ಲ ಕಡೆಗೂ ನಡೆದು ಹೋಗುತ್ತದೆ. ಅರ್ಜಿಯಲ್ಲಿ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೀವೇ ಬಿಡಿಬಿಡಿಯಾಗಿ ಬರೆದುಕೊಡಿ; ಅಚ್ಚಾಗಿ ಬಂದ ಪ್ರತಿಯನ್ನು ಕೌಂಟರಿನ ಮುಂದೆಯೇ ನಿಂತು ಓದಿ. ಶಿಖರಿಣಿಯ 'ಖ' ಅಲ್ಪಪ್ರಾಣ ಆಗಿದೆಯೇ, 'ಣಿ' ಹೋಗಿ 'ನಿ' ಬಂದಿದೆಯೇ, ಮೊದಲು ನೋಡಬೇಕಾದದ್ದು ಇವೆರಡು.