ಹದಿಮೂರು ತಿಂಗಳ ನಾಡು

ಅಡಿಸ್ ಅಬಾಬಾಕ್ಕೆ ಬಂದ ಮೊದಲ ವಾರ ಪಕ್ಕದ ಮನೆಯ ಹಿರಿಯರು ‘ನಾಳೆ ಮೂರು ಗಂಟೆಗೆ ಕಾಫಿಗೆ ಬನ್ನಿ’ ಎಂದು ಕರೆದರು. ನಾನು ಮಧ್ಯಾಹ್ನ ಹೋದೆ. ಅವರು ಬೆಳಗಿನ ಒಂಬತ್ತರಿಂದಲೇ ಕಾದಿದ್ದರೆಂದು ತಿಳಿದಾಗ ಮನಸ್ಸಿಗೆ ಬಹಳ ಸಂಕೋಚವಾಯಿತು. ಇಥಿಯೋಪಿಯಾದಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಸೂರ್ಯೋದಯದಿಂದ, ಹೀಗಾಗಿ ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ವರ್ಷಕ್ಕೂ ಅವರದೇ ಲೆಕ್ಕವಿದೆ: 30 ದಿನಗಳ 12 ತಿಂಗಳು ಮುಗಿದ ಮೇಲೆ 5 ಅಥವಾ 6 ದಿನಗಳ ಪಗುಮೆ ಎಂಬ ಪುಟ್ಟ ತಿಂಗಳು ಬಂದು, ಸಾಮಾನ್ಯವಾಗಿ ಸೆಪ್ಟೆಂಬರ್ 11ರಂದು ಹೊಸ ವರ್ಷ ಹುಟ್ಟುತ್ತದೆ.

ಆ ಮನೆಯಾಕೆ ನೆಲದ ಮೇಲೆ ಹಸಿ ಹುಲ್ಲು ಹರಡಿ, ಹಸಿರು ಕಾಫಿ ಬೀಜವನ್ನು ಕೆಂಡದ ಮೇಲೆ ಹುರಿದು, ಆ ಘಮವನ್ನು ನಾವೆಲ್ಲರೂ ಆಘ್ರಾಣಿಸಲೆಂದು ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿದರು. ಬಳಿಕ ಪುಡಿಯನ್ನು ಜೆಬೆನಾ ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಬಗ್ಗಿಸಿದರು. ಅಬೋಲ್, ತೋನಾ, ಬರಕಾ ಎಂದು ಮೂರು ಸುತ್ತು. ‘ಬರಕಾ’ ಎಂದರೆ ಆಶೀರ್ವಾದವಾದ್ದರಿಂದ ಅದಕ್ಕೆ ಮುಂಚೆ ಏಳುವುದು ಸಲ್ಲದು.

ಎರಡನೆಯ ಸುತ್ತಿನಲ್ಲಿ ಅವರ ಮೊಮ್ಮಗಳು ಅಲ್ಲಿನ ಅಂಹಾರಿಕ್ ಭಾಷೆಯ ತನ್ನ ಪುಸ್ತಕ ತಂದು ತೋರಿಸಿದಳು. ಒಂದೊಂದು ವ್ಯಂಜನವೂ ಸ್ವರಕ್ಕೆ ತಕ್ಕಂತೆ ಏಳು ರೂಪ ತಾಳುವ ಆ ಸಾಲುಗಳನ್ನು ಬಾಲೆ ರಾಗವಾಗಿ ಒಪ್ಪಿಸುತ್ತಿದ್ದಾಗ, ನಾನು ಬಾಲ್ಯದಲ್ಲಿ ಸ್ಲೇಟಿನ ಮೇಲೆ ತಿದ್ದಿದ ಕಾಗುಣಿತವೇ ಕಿವಿಗೆ ಬಿದ್ದಂತಾಗಿ ಕಣ್ಣು ತುಂಬಿ ಬಂತು. ಮೂರನೆಯ ಬಟ್ಟಲು ಕೈಗೆ ಬರುವವರೆಗೂ ನಾನು ಅವಳೊಂದಿಗೆ ಆ ಅಕ್ಷರಗಳನ್ನು ತಿದ್ದುತ್ತ ಕುಳಿತಿದ್ದೆ.