ಶಾಶ್ವತವಾಗಿ ಮಾರಲಾಗದ ಹೊಲ

ಬೈಬಲಿನ ಯಾಜಕಕಾಂಡ ಎಂಬ ಪುಸ್ತಕದ 25ನೆಯ ಅಧ್ಯಾಯದಲ್ಲಿ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುವುದು ಹೊಲಕ್ಕೆ ಬೆಲೆ ಕಟ್ಟುವ ಕ್ರಮ. ಭೂಮಿ ದೇವರದು, ಇಸ್ರಾಯೇಲ್ಯರು ಅದರಲ್ಲಿ ಪರವಾಸಿಗಳು ಮಾತ್ರ ಎಂಬ ಕಾರಣಕ್ಕೆ ಹೊಲವನ್ನು ಶಾಶ್ವತವಾಗಿ ಮಾರುವಂತಿರಲಿಲ್ಲ. ಪ್ರತಿ 50ನೆಯ ವರ್ಷ ಬರುವ ಬಿಡುಗಡೆಯ ವರ್ಷವಾದ ಜೂಬಿಲಿಯಲ್ಲಿ ಅದು ಮೂಲ ಕುಟುಂಬಕ್ಕೆ ಮರಳಬೇಕಾಗಿದ್ದುದರಿಂದ, ಕೊಳ್ಳುವವನು ತೆರಬೇಕಾದದ್ದು ಅಲ್ಲಿಯವರೆಗೆ ಉಳಿದ ಫಸಲುಗಳ ಬೆಲೆಯನ್ನಷ್ಟೇ. ಅದಕ್ಕೂ ಮುನ್ನ ಹತ್ತಿರದ ಬಂಧು ಹಣ ತೆತ್ತು ಅದನ್ನು ಬಿಡಿಸಿಕೊಳ್ಳಬಹುದಿತ್ತು. ಕೋಟೆಯುಳ್ಳ ಊರಿನ ಮನೆಗೆ ಮಾತ್ರ ಬಿಡಿಸಿಕೊಳ್ಳಲು ಒಂದೇ ವರ್ಷದ ಗಡುವು. ಬಡವನ ಅನ್ನದ ನೆಲವನ್ನು ಇಷ್ಟು ಎಚ್ಚರದಿಂದ ಕಾಯ್ದ ಕಾನೂನೆಂದು ನನಗೆ ಇದು ಬಹಳ ಪ್ರಿಯ. ಬೈಬಲಿನ ಇನ್ನೊಂದು ಕಥೆಯಲ್ಲಿ ಇಜ್ರೇಲ್ ಊರಿನ ನಾಬೋತನು ತನ್ನ ದ್ರಾಕ್ಷಿತೋಟವನ್ನು ಇಸ್ರಾಯೇಲಿನ ಅರಸ ಅಹಾಬನಿಗೆ ಕೊಡಲೊಪ್ಪದ್ದೂ ಅದು ಪಿತ್ರಾರ್ಜಿತವೆಂದೇ; ಇನ್ನೂ ಒಳ್ಳೆಯ ತೋಟವನ್ನೋ ಹಣವನ್ನೋ ಕೊಡುವೆನೆಂದರೂ ಅವನು ಮಣಿಯಲಿಲ್ಲ. ರಾಣಿ ಈಜೆಬೆಲಳು ಸುಳ್ಳು ಸಾಕ್ಷಿ ಹೂಡಿ ಅವನನ್ನು ಕಲ್ಲೆಸೆದು ಕೊಲ್ಲಿಸಿದ ಮೇಲೆಯೇ ಅರಸನು ಆ ತೋಟವನ್ನು ವಶಪಡಿಸಿಕೊಳ್ಳಲು ಹೊರಟನು.