ಗೆರೆ ಮೊದಲು, ಶೇಡ್ ಆಮೇಲೆ

8 ಡಿಸೆಂಬರ್ 2024, ಭಾನುವಾರ

ತಿಂಡಿ ಮುಗಿಸಿ ಅಕ್ಕನ ಮಗಳಿಗೆ ಲೀನಿಯರ್ ಪ್ರೋಗ್ರಾಮಿಂಗ್ (ಕೆಲವು ಮಿತಿಗಳೊಳಗೆ ಗರಿಷ್ಠ ಅಥವಾ ಕನಿಷ್ಠ ಬೆಲೆ ಹುಡುಕುವ ಗಣಿತ) ಹೇಳಿಕೊಡಲು ಕೂತೆ. ಸೆಕೆಂಡ್ ಪಿಯು ಓದುತ್ತಿದ್ದಾಳೆ. ಅಸಮತೆ (= ಬದಲು ≤, ≥ ಥರದ ಚಿಹ್ನೆ ಇರುವುದು) ಕೊಟ್ಟರೆ ಗೆರೆ ಎಳೆದು, ಅದು ನಿಜವಾಗುವ ಕಡೆ ಶೇಡ್ ಮಾಡುತ್ತಾಳೆ, ಅದಕ್ಕೇನೂ ತೊಂದರೆ ಇಲ್ಲ. ಉಲ್ಟಾ ಕೇಳಿ ನೋಡಿ, ಶೇಡ್ ಆದ ಗ್ರಾಫ್ ಕೊಟ್ಟು ಅಸಮತೆ ಬರಿ ಅನ್ನಿ, ಪೆನ್ನು ಅಲ್ಲೇ ನಿಂತುಬಿಡುತ್ತದೆ. ಅವಳನ್ನು ಬೈದು ಪ್ರಯೋಜನ ಇಲ್ಲ. ಎನ್‌ಸಿಇಆರ್‌ಟಿಯವರು ಪಾಠ ಕಡಿತ ಮಾಡಿದಾಗ ಹನ್ನೊಂದನೇ ತರಗತಿಯ ಪುಸ್ತಕದಿಂದ ಎಕ್ಸ್, ವೈ ಎರಡೂ ಇರುವ ಅಸಮತೆಗಳ ಗ್ರಾಫನ್ನೇ ತೆಗೆದುಹಾಕಿದರು. ಈಗ ಉಳಿದಿರುವುದು ಸಂಖ್ಯಾರೇಖೆ ಮಾತ್ರ. ಮಕ್ಕಳು ಮೆಟ್ಟಿಲೇ ಇಲ್ಲದೆ ಅಟ್ಟ ಹತ್ತಬೇಕು.

ಮೊದಲ ಗ್ರಾಫಿನಲ್ಲಿ ಗೆರೆ ಎಕ್ಸ್ ಅಕ್ಷವನ್ನು 4ರಲ್ಲಿ, ವೈ ಅಕ್ಷವನ್ನು 6ರಲ್ಲಿ ಕತ್ತರಿಸಿತ್ತು. ಶೇಡ್ ಕಡೆ ನೋಡಲೇಬೇಡ, ಗೆರೆಯನ್ನಷ್ಟೇ ಬರಿ ಅಂದೆ. ಎಕ್ಸ್/4 + ವೈ/6 = 1, ಅಂದರೆ 3ಎಕ್ಸ್ + 2ವೈ = 12. ಈಗ ಮೂಲಬಿಂದು, ಅಂದರೆ (0, 0) ಹಾಕು. ಎಡಗಡೆ 0 ಬಂತು, 12ಕ್ಕಿಂತ ಕಡಿಮೆ. ಶೇಡ್ ಮೂಲಬಿಂದುವಿನ ಕಡೆಗೇ ಇದೆ, ಗೆರೆಯೂ ಪೂರ್ತಿ ಎಳೆದಿದ್ದಾರೆ, ಅಂದರೆ ಗೆರೆಯ ಮೇಲಿನ ಬಿಂದುಗಳೂ ಸೇರಿವೆ. ಹಾಗಾಗಿ 3ಎಕ್ಸ್ + 2ವೈ ≤ 12. ಚುಕ್ಕೆ ಗೆರೆಯಾಗಿದ್ದರೆ ಬರೀ < ಸಾಕಿತ್ತು.

ಎರಡನೆಯದರಲ್ಲಿ ಮಜಾ ಇತ್ತು. (2, 0), (0, −3) ಮೇಲೆ ಹಾದುಹೋಗುವ ಚುಕ್ಕೆ ಗೆರೆ, ಶೇಡ್ ಮೇಲ್ಗಡೆ. ಗೆರೆ 3ಎಕ್ಸ್ − 2ವೈ = 6 ಅಂತ ಸರಿಯಾಗಿ ತಂದು, ಚಿಹ್ನೆ ಮಾತ್ರ > ಹಾಕಿದಳು.

"ಮೇಲೆ ಶೇಡ್ ಇದ್ರೆ ಗ್ರೇಟರ್ ದ್ಯಾನ್ ಅಲ್ವಾ ಮಾಮ? ಟ್ಯೂಷನ್‌ನಲ್ಲಿ ಹಾಗೇ ಹೇಳಿದ್ದು."

ಈ ಶಾರ್ಟ್‌ಕಟ್ ಕಂಡರೆ ನನಗೆ ಆಗುವುದೇ ಇಲ್ಲ. ಅದು ಪೂರ್ತಿ ಸುಳ್ಳೂ ಅಲ್ಲ, ವೈ ಮುಂದೆ ಧನ ಸಂಖ್ಯೆ ಇದ್ದಾಗ ನಡೆಯುತ್ತದೆ, ಇಲ್ಲಿರುವುದು −2. ಸುಮ್ನೆ (0, 0) ಹಾಕು ಅಂದೆ. 0 < 6. ಮೂಲಬಿಂದು ಶೇಡ್ ಒಳಗೇ ಇದೆ, ಆದ್ದರಿಂದ 3ಎಕ್ಸ್ − 2ವೈ < 6. ನಂಬದೆ ಅವಳೇ −2ರಿಂದ ಭಾಗಿಸಿದಳು, ಚಿಹ್ನೆ ತಿರುಗಿ ವೈ > 3ಎಕ್ಸ್/2 − 3 ಬಂತು. "ಓ, ಈಗ ಗ್ರೇಟರ್ ದ್ಯಾನ್ ಆಯ್ತು!" ಅಂದಳು.

ಗೆರೆ ಮೂಲಬಿಂದುವಿನ ಮೇಲೇ ಹಾದುಹೋದರೆ, ವೈ = 2ಎಕ್ಸ್ ಥರ, (0, 0) ಹಾಕಿ ಏನೂ ತಿಳಿಯುವುದಿಲ್ಲ, ಎರಡೂ ಕಡೆ 0. ಆಗ (1, 0) ತಗೊಂಡರಾಯಿತು.

ಕೊನೆಗೆ ನಾಲ್ಕು ಬದಿಯ ಶೇಡ್ ಕೊಟ್ಟೆ. ಎರಡು ಓರೆ ಗೆರೆಗಳಿಗೆ ಎರಡು ಅಸಮತೆ ಬರೆದು ಪುಸ್ತಕ ಮುಚ್ಚಿದಳು. ಉಳಿದ ಎರಡು ಬದಿ? ಅಕ್ಷಗಳೂ ಬೇಲಿಯೇ ಅಲ್ವಾ, ಎಕ್ಸ್ ≥ 0, ವೈ ≥ 0 ಬರೆಯದಿದ್ದರೆ ಶೇಡ್ ಎಡಕ್ಕೂ ಕೆಳಕ್ಕೂ ಕೊನೆಯಿಲ್ಲದೆ ಹರಡಿಬಿಡುತ್ತದೆ, ಆಮೇಲೆ ಎಕ್ಸ್ + ವೈ ಕನಿಷ್ಠ ಎಷ್ಟು ಅಂತ ಕೇಳಿದರೆ ಉತ್ತರವೇ ಇರುವುದಿಲ್ಲ. ಎರಡನ್ನೂ ಸೇರಿಸಿದಳು, ಮುಖ ಮಾತ್ರ ಊದಿಸಿಕೊಂಡೇ. ಮೂಲೆ ಬಿಂದುಗಳು ಮುಂದಿನ ಭಾನುವಾರಕ್ಕೆ.